ಕಸದ ಎಣ್ಣೆ ಹೊಡೆದ ಪಂಪು ಹತ್ತಿ ಹೊಲಕ್ಕೆ ಬೇಡವೇ ಬೇಡ

ಹತ್ತಿ, ಮೆಣಸಿನಕಾಯಿ, ತೊಗರಿ, ಸೋಯಾ ಬೆಳೆಯುವವರು ಇದನ್ನು ಓದಿ. ಪಕ್ಕದವರ ಪಂಪು ಇಸ್ಕೊಂಡು ಎಣ್ಣೆ ಹೊಡೆಯುವವರಾದರೆ ಎರಡು ಸಲ ಓದಿ. 2024ರ ಮುಂಗಾರಿನಲ್ಲಿ ನನ್ನ ಮೂರು ಎಕರೆ ಹತ್ತಿಯನ್ನು ಹಾಳು ಮಾಡಿದ್ದು ಕಸದ ಎಣ್ಣೆ, ಅಂದರೆ ಕಳೆನಾಶಕ, ಹೊಡೆದಿದ್ದ ಒಂದು ಎರವಲು ಪಂಪು.

ನಮ್ಮದು ಹಾವೇರಿ ಜಿಲ್ಲೆ. ಬದುವಿನ ಆಚೆ ಗೋವಿನಜೋಳ, ಈಚೆ ಹತ್ತಿ. ಊರೆಲ್ಲ ಹೀಗೇ. ಆ ವರ್ಷ ಮಿರಗ ಮಳೆ ಚೆನ್ನಾಗಿ ಆಗಿತ್ತು. ಜೂನ್ ಎರಡನೇ ವಾರ ಬೀಜ ಊರಿದೆವು. ಬಿಟಿ ಹತ್ತಿಯ ಪಾಕೀಟು ಆಗ 864 ರೂಪಾಯಿ, ಎಕರೆಗೆ ಎರಡು ಹಾಕಿದ್ದೆ. ಎರಡು ಸಲ ಎಡೆ ಹೊಡೆದು ಗೊಬ್ಬರ ಕೊಟ್ಟಾಗಿತ್ತು. ಜುಲೈ ಕೊನೆಗೆ ಗಿಡ ಮೊಣಕಾಲಿನ ಮೇಲೆ ಬಂದು ಮೊಗ್ಗು ಕಟ್ಟಿತ್ತು. "ಈ ಸಲ ಎಕರೆಗೆ ಹತ್ತು ಕ್ವಿಂಟಲ್‌ಗೆ ಮೋಸ ಇಲ್ಲ ಬಿಡ್ರಿ" ಅಂತ ದಾರಿಯಲ್ಲಿ ಹೋಗುವವರೂ ಹೇಳುತ್ತಿದ್ದರು. ದೃಷ್ಟಿ ತಾಗಿದ್ದೇ ಆಗ ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ.

ಎಲೆಯ ಕೆಳಗೆ ಜಿಗಿಹುಳು ಕಾಣಿಸಿಕೊಂಡಿತು. ಹುಳದ ಎಣ್ಣೆ (ಕೀಟನಾಶಕ) ತಂದಿಟ್ಟೆ. ಬೆಳಗ್ಗೆ ನೋಡಿದರೆ ನನ್ನ ಪಂಪಿನ ಬ್ಯಾಟರಿ ಸತ್ತಿದೆ. ಆಳುಗಳು ಬಂದು ಕೂತಿದ್ದಾರೆ, ಮೋಡ ಬೇರೆ. ಪಕ್ಕದ ಹೊಲದ ಕಾಕಾನ ಹತ್ತಿರ ಓಡಿದೆ.

"ಕಾಕಾ, ಇದರಾಗ ಏನ್ ಹೊಡದಿದ್ರಿ?"

"ಗೋವಿನಜ್ವಾಳಕ್ಕ ಕಸದ ಎಣ್ಣಿ ಹೊಡದಿದ್ದೆ. ಎರಡ್ ಸಲ ತೊಳದೀನಿ, ತಗೊಂಡ್ ಹೋಗಪಾ."

ಯಾವ ಕಸದ ಎಣ್ಣೆ ಅಂತ ನಾನು ಕೇಳಲಿಲ್ಲ. ಕೇಳಬೇಕಿದ್ದದ್ದು ಅದೊಂದೇ. ಮುಚ್ಚಳ ತೆಗೆದಾಗ ಫಿನೈಲಿನಂಥ ಘಾಟು ಮೂಗಿಗೆ ಬಡಿದದ್ದು ನೆನಪಿದೆ. ಪಂಪು ಅಂದಮೇಲೆ ವಾಸನೆ ಇದ್ದೇ ಇರುತ್ತದೆ ಅಂದುಕೊಂಡೆ. ಮೋಟಾರು ರಸ್ತೆಯ ಕಡೆಯಿಂದ ಶುರು ಮಾಡಿ ಸಂಜೆಯೊಳಗೆ ಮೂರೂ ಎಕರೆ ಮುಗಿಸಿದೆವು.

ಆರನೇ ದಿನ ನಮ್ಮ ಮನೆಯವಳು ಹೊಲಕ್ಕೆ ಹೋಗಿ ಬಂದು, "ಏನ್ರೀ ಇದು, ಹತ್ತಿ ಗಿಡಕ್ಕ ಬೆಂಡಿ ಎಲಿ ಬಂದಾವಲ್ಲ" ಅಂದಳು. ನಕ್ಕೆ. ಹೋಗಿ ನೋಡಿದ ಮೇಲೆ ನಗು ನಿಂತಿತು. ಹಳೆಯ ಎಲೆಗಳು ಸರಿಯಾಗೇ ಇದ್ದವು, ಅಂಗೈ ಹಾಗೆ ಅಗಲ. ತುದಿಯಲ್ಲಿ ಹೊಸದಾಗಿ ಬಂದವು ಮಾತ್ರ ಕೋಳಿ ಕಾಲಿನಂತೆ ಸಣ್ಣಗೆ, ಉದ್ದಕ್ಕೆ ಸೀಳಿಕೊಂಡಿದ್ದವು. ನರಗಳೆಲ್ಲ ಒಂದರ ಪಕ್ಕ ಒಂದು ಗೆರೆ ಎಳೆದ ಹಾಗೆ ಒತ್ತಾಗಿದ್ದವು, ಬಣ್ಣ ಬಿಳಿಚಿಕೊಂಡಿತ್ತು. ಕುಡಿ ತಿರುಚಿಕೊಂಡು ನೆಲ ನೋಡುತ್ತಿತ್ತು. ಗಿಡ ಅಲುಗಿಸಿದರೆ ಮೊಗ್ಗು ಪಟಪಟ ಉದುರಿದವು.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಕೂಡ ಹಾಕಿಕೊಳ್ಳದೆ "ವೈರಸ್" ಅಂದರು. ಎರಡು ಬಾಟಲಿ ಕೊಟ್ಟರು, ಒಂದು ಟಾನಿಕ್, ಇನ್ನೊಂದು ಏನೋ. 2,300 ರೂಪಾಯಿ ಆಯಿತು. ಅದನ್ನು ಹೊಡೆದದ್ದು ಯಾವ ಪಂಪಿನಲ್ಲಿ ಹೇಳಿ? ಅದೇ ಕಾಕಾನ ಪಂಪಿನಲ್ಲಿ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಇನ್ನೊಂದು ವಾರ ಕಳೆದು ಕೃಷಿ ವಿಜ್ಞಾನ ಕೇಂದ್ರದಿಂದ ಒಬ್ಬರು ಬಂದರು. ಅವರು ಎಲೆ ನೋಡಿದ್ದು ಒಂದೇ ನಿಮಿಷ. ಆಮೇಲೆ ಸುಮ್ನೆ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ವಾಪಸ್ ಬಂದು ಕೇಳಿದ್ದು ಎರಡೇ ಮಾತು: "ಮೊದಲನೇ ಪಂಪು ಎಲ್ಲಿಂದ ಶುರು ಮಾಡಿದ್ರಿ? ಪಂಪು ಯಾರದು?"

ರಸ್ತೆಯ ಕಡೆ ಕೈ ತೋರಿಸಿದೆ. ಆಗ ನನಗೂ ಕಂಡಿತು. ರಸ್ತೆ ಪಕ್ಕದ ಸಾಲುಗಳಲ್ಲಿ ಒಂದು ಗಿಡವೂ ನೆಟ್ಟಗಿರಲಿಲ್ಲ. ನಡು ಹೊಲಕ್ಕೆ ಬರುತ್ತ ಕಡಿಮೆ, ಹಳ್ಳದ ಕಡೆ ಕೊನೆಗೆ ಹೊಡೆದಲ್ಲಿ ಅಲ್ಲೊಂದು ಇಲ್ಲೊಂದು. ಪಂಪು ತುಂಬಿ ತುಂಬಿ ಹೊಡೆದಂತೆ ವಿಷ ತೊಳೆದು ಹೋಗಿತ್ತು, ಅಂದರೆ ಪಂಪು ತೊಳೆದದ್ದು ನನ್ನ ಹೊಲದಲ್ಲಿ! ವೈರಸ್ ಆಗಿದ್ದರೆ ಹೀಗೆ ಹೊಡೆದ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ, ಅಲ್ಲೊಂದು ಗಿಡ ಇಲ್ಲೊಂದು ಗಿಡಕ್ಕೆ ಬರುತ್ತದೆ ಅಂದರು. ಪಕ್ಕದ ಹೊಲದಿಂದ ಗಾಳಿಗೆ ಹಾರಿ ಬಂದದ್ದಾಗಿದ್ದರೆ ಬದುವಿನ ಅಂಚಿನಲ್ಲಿ ಜಾಸ್ತಿ ಇರುತ್ತಿತ್ತು. ನಮ್ಮಲ್ಲಿ ಬದುವಿನ ಪಕ್ಕದಲ್ಲೂ ಅದೇ ಕತೆ, ರಸ್ತೆ ಕಡೆ ಜಾಸ್ತಿ, ಹಳ್ಳದ ಕಡೆ ಕಡಿಮೆ.

ಕಾಕಾ ಹೊಡೆದಿದ್ದದ್ದು 2,4-ಡಿ. ಅಂಗಡಿಯಲ್ಲಿ ಟೂ ಫೋರ್ ಡಿ ಅಂತಾರೆ. ಅಗಲ ಎಲೆಯ ಕಸ ಸಾಯಿಸುವ ಎಣ್ಣೆ. ಗೋವಿನಜೋಳ, ಜೋಳ, ಕಬ್ಬು ಹುಲ್ಲಿನ ಜಾತಿ, ಸರಿಯಾದ ಹೊತ್ತಿಗೆ ಸರಿಯಾದ ಅಳತೆಯಲ್ಲಿ ಹೊಡೆದರೆ ತಡೆದುಕೊಳ್ಳುತ್ತವೆ. ಅಗಲ ಎಲೆಯ ಗಿಡದೊಳಗೆ ಹೋದರೆ ಅದು ಬೆಳವಣಿಗೆಯ ಹಾರ್ಮೋನಿನ ಹಾಗೆ ವರ್ತಿಸುತ್ತದೆ. ಗಿಡ ಹಿಡಿತವಿಲ್ಲದೆ ಅಡ್ಡಾದಿಡ್ಡಿ ಬೆಳೆದು ಸುಸ್ತಾಗುತ್ತದೆ. ಹತ್ತಿಗೆ ಇದು ಯಾವ ಮಟ್ಟಕ್ಕೆ ಆಗದು ಅಂದರೆ, ಗೋವಿನಜೋಳಕ್ಕೆ ಹಾಕುವ ಪ್ರಮಾಣದ ಸಾವಿರದಲ್ಲಿ ಒಂದು ಪಾಲು ತಾಗಿದರೂ ಎಲೆ ಸೊಟ್ಟಗಾಗುತ್ತದೆ. ಹೊಡೆದ ಹೊತ್ತಿನಲ್ಲಿ ನಮ್ಮ ಗಿಡ ಮೊಗ್ಗಿನಲ್ಲಿತ್ತು, ಅದು ಇನ್ನೂ ನಾಜೂಕು.

ಕಾಕಾ ಸುಳ್ಳು ಹೇಳಿರಲಿಲ್ಲ, ಎರಡು ಸಲ ತೊಳೆದಿದ್ದು ನಿಜ. ಆದರೆ ಅವರು ತಂದಿದ್ದು 2,4-ಡಿಯಲ್ಲಿ ಎಸ್ಟರ್ ಅನ್ನುವ ಬಗೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದಲ್ಲ, ಅದು. ಅದರ ಜಿಡ್ಡು ರಬ್ಬರ್ ಪೈಪಿಗೆ, ವಾಷರಿಗೆ, ಜಾಲರಿಗೆ ಅಂಟಿ ಕೂರುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಆಮೇಲೆ ನಾವು ಹುಳದ ಎಣ್ಣೆ ಹಾಕಿದಾಗ ಅದರಲ್ಲಿರುವ ಸಾಲ್ವೆಂಟಿಗೆ, ಅಂದರೆ ಜಿಡ್ಡು ಕರಗಿಸುವ ದ್ರವಕ್ಕೆ, ಸಲೀಸಾಗಿ ಬಿಡುತ್ತದೆ. ಅಮೈನ್ ಉಪ್ಪು, ಸೋಡಿಯಂ ಉಪ್ಪಿನ ಬಗೆಗಳು ನೀರಿನಲ್ಲಿ ಕರಗುತ್ತವೆ, ಸ್ವಲ್ಪ ವಾಸಿ. ಹಾಗಂತ ನಂಬಿ ಕೂರುವಷ್ಟೇನೂ ಅಲ್ಲ.

ಎಸ್ಟರಿನ ಇನ್ನೊಂದು ಕಾಟ ಹೇಳಲೇಬೇಕು. ಹೊಡೆಯುವಾಗ ಗಾಳಿ ಇಲ್ಲದಿದ್ದರೂ ಬಿಸಿಲೇರಿದ ಮೇಲೆ ಆವಿಯಾಗಿ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತದೆ. ಹತ್ತಿರದಲ್ಲಿ ಹತ್ತಿ, ಮೆಣಸಿನಕಾಯಿ, ಟೊಮೆಟೊ, ದ್ರಾಕ್ಷಿ ಇದ್ದರೆ ಅದನ್ನು ತರಲೇಬೇಡಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದವರ ಪಕ್ಕ ಗೋವಿನಜೋಳ ಹಾಕಿದವರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ.

ನಂಬಿಕೆ ಬಾರದೆ ನಾನೊಂದು ಪರೀಕ್ಷೆ ಮಾಡಿದೆ. ಕಾಕಾನ ಪಂಪಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ನಾಕು ಸಲ ತೊಳೆದೆ. ನಾಸಲ್ ಬಿಚ್ಚಿ, ಜಾಲರಿ ತೆಗೆದು ಬ್ರಷ್ಷಿನಲ್ಲಿ ತಿಕ್ಕಿದೆ. ಆಮೇಲೆ ಬರೀ ಬಾವಿ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಹಿತ್ತಲಿನ ಟೊಮೆಟೊ ಗಿಡಕ್ಕೆ ಹೊಡೆದೆ. ಎರಡನೇ ದಿನಕ್ಕೇ ಅದರ ಕುಡಿ ಗಾಳದ ಹಾಗೆ ಬಾಗಿತು. ಇಷ್ಟೆಲ್ಲ ತೊಳೆದ ಮೇಲೂ! ಪಂಪಿನ ಬಗ್ಗೆ ಅನುಮಾನ ಇದ್ದರೆ ನೀವೂ ಹೀಗೆ ನೋಡಬಹುದು. ಒಂದು ಟೊಮೆಟೊ ಸಸಿ ಹೋದರೆ ಹೋಗಲಿ.

ಆಗಿಹೋದವರಿಗೆ: ಸೊಟ್ಟಗಾದ ತುದಿ ಚಿವುಟಿ ಹಾಕಲು ಕೃಷಿ ವಿಜ್ಞಾನ ಕೇಂದ್ರದವರು ಹೇಳಿದರು, ಹೊಸ ಕವಲು ಒಡೆಯಲಿ ಅಂತ. ಜೊತೆಗೆ ತೆಳುವಾಗಿ ಯೂರಿಯಾ ನೀರು ಹೊಡೆಯಿರಿ ಅಂದರು. ಮೂವರು ಆಳು, ನಾಕು ದಿನ ಚಿವುಟಿದೆವು. ಹೊಸ ಪಂಪಿನಲ್ಲಿ ಯೂರಿಯಾ ಕೊಟ್ಟೆ. ಹಳ್ಳದ ಕಡೆಯ ಗಿಡಗಳು ಸುಧಾರಿಸಿದವು. ರಸ್ತೆ ಕಡೆಯವು ಸೆಪ್ಟೆಂಬರ್‌ವರೆಗೂ ಕೋಳಿ ಕಾಲಿನ ಎಲೆಯನ್ನೇ ಬಿಟ್ಟವು, ಮತ್ತೆ ಹಸಿರಾದಾಗ ಕಾಯಿ ಕಟ್ಟುವ ಹೊತ್ತೇ ಮೀರಿತ್ತು.

ವಿಮೆ ಕೇಳಿ ನೋಡಿದೆ. ಫಸಲ್ ಬಿಮಾ ಇರುವುದು ಬರ, ನೆರೆ, ರೋಗ, ಕೀಟದಂಥ ನಮ್ಮ ಕೈ ಮೀರಿದ್ದಕ್ಕೆ. ಕೈತಪ್ಪಿಗೆ ಇಲ್ಲ. ಮೂರು ಎಕರೆಗೂ ಸೇರಿ ಬಿಡಿಸಿದ್ದು ಹನ್ನೊಂದು ಕ್ವಿಂಟಲ್. ಮೂವತ್ತು ಆಗಬೇಕಿತ್ತು. ಮಧ್ಯಮ ಎಳೆಯ ಹತ್ತಿಗೆ ಆ ವರ್ಷ ಬೆಂಬಲ ಬೆಲೆ 7,121 ರೂಪಾಯಿ. ಅದೇ ದರ ಹಿಡಿದರೂ ಹೋದದ್ದು ಒಂದು ಲಕ್ಷ ಮೂವತ್ತೈದು ಸಾವಿರ. ಅಷ್ಟು ದುಡ್ಡಿಗೆ ಊರಿಗೆಲ್ಲ ಪಂಪು ಕೊಡಿಸಬಹುದಿತ್ತು.

ಕಾಕಾನ ಜೊತೆ ಜಗಳ ಆಡಲಿಲ್ಲ. ಎರಡು ತಿಂಗಳು ಅವರೇ ಮುಖ ತಪ್ಪಿಸಿಕೊಂಡು ಓಡಾಡಿದರು. ದೀಪಾವಳಿಗೆ ಬಂದು ಕಟ್ಟೆಯ ಮೇಲೆ ಕೂತು, "ನಿನ್ನ ಹೊಲದ ಮುಂದ ಹಾಯೂದಂದ್ರ ಜೀವಕ್ಕ ಸಂಕಟ ಆಕ್ಕೈತಪಾ" ಅಂದರು. ಚಹಾ ಕುಡಿದು ಹೋದರು.

ಈಗ ನಮ್ಮಲ್ಲಿ ಎರಡು ಪಂಪು. ಕಸದ ಎಣ್ಣೆಯದಕ್ಕೆ ಮುಚ್ಚಳದಿಂದ ನಾಸಲ್‌ವರೆಗೂ ಕೆಂಪು ಪೇಂಟು ಬಳಿದು ದನದ ಕೊಟ್ಟಿಗೆಯಲ್ಲಿ ಬೇರೆ ಗೂಟಕ್ಕೆ ನೇತುಹಾಕಿದ್ದೇನೆ. ಅದರ ಬಕೆಟ್ಟು, ಅಳತೆ ಡಬ್ಬಿ, ಕಲಕುವ ಕೋಲು ಕೂಡ ಕೆಂಪು. ಮೊನ್ನೆ ಓಣಿಯ ಹುಡುಗನೊಬ್ಬ ಸೋಯಾಕ್ಕೆ ಹೊಡೆಯಲು ಪಂಪು ಕೇಳಿಕೊಂಡು ಬಂದ. ಬೆಳ್ಳಗಿನದು ತರಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಕೆಂಪಗಿನದನ್ನು ಗೂಟದಿಂದ ಇಳಿಸಿ ಬೆನ್ನಿಗೆ ಹಾಕಿಕೊಂಡಿದ್ದ. "ಯಾವುದಾದ್ರೇನ್ರೀ ಅಣ್ಣಾರ, ಪಂಪ್ ಪಂಪs" ಅಂದ. ಇಳಿಸಿಕೊಂಡು, ಕಟ್ಟೆ ಮೇಲೆ ಕೂರಿಸಿ, ಮೊಬೈಲಿನಲ್ಲಿ ಇನ್ನೂ ಇಟ್ಟುಕೊಂಡಿರುವ ಆ ಕೋಳಿ ಕಾಲಿನ ಎಲೆಯ ಫೋಟೋ ತೆಗೆದೆ.