ಓದು ಬಿಟ್ಟ ಹುಡುಗಿಯ ಕೈಗೆ ಮೊದಲು ಯಾವ ಪುಸ್ತಕ? ಐದು ಹದಿಹರೆಯದ ಕಾದಂಬರಿಗಳ ಹೋಲಿಕೆ

ಅಕ್ಕನ ಮಗಳು 12ರವರೆಗೆ ಪುಸ್ತಕದ ಹುಳುವಾಗಿದ್ದಳು. ಊಟದ ತಟ್ಟೆಯ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು ಬೈಸಿಕೊಳ್ಳುತ್ತಿದ್ದವಳು, 15 ತುಂಬುವ ಹೊತ್ತಿಗೆ ಪಠ್ಯದ ಹೊರಗಿನ ಒಂದು ಪುಟವನ್ನೂ ತಿರುವದಂತಾದಳು. ಕೇಳಿದರೆ, "ಮಕ್ಕಳ ಪುಸ್ತಕದಿಂದ ನಾನು ಆಚೆ ಬಂದಾಯಿತು, ದೊಡ್ಡವರ ಪುಸ್ತಕದೊಳಗೆ ನನ್ನನ್ನು ಯಾರೂ ಕರೆದಿಲ್ಲ" ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿಗಳನ್ನು ಹುಡುಕಲು ಹೊರಟದ್ದು ಅದರಿಂದಾಗಿ.

ಹುಡುಕಾಟಕ್ಕೆ ಅಮೆರಿಕದ ಸ್ವತಂತ್ರ ಪುಸ್ತಕದಂಗಡಿಯವರ ಶಿಫಾರಸುಗಳನ್ನು ನೆಚ್ಚಿಕೊಂಡೆ. ಅಲ್ಲಿನ ಪುಸ್ತಕ ಮಾರಾಟಗಾರರ ಸಂಘ 1900ರಷ್ಟು ಹಳೆಯದು. ಅದರ 'ಇಂಡೀ ನೆಕ್ಸ್ಟ್' ಪಟ್ಟಿ ಅಂಗಡಿಗಳಲ್ಲಿ ನಿಂತು ಪುಸ್ತಕ ಮಾರುವವರೇ ಓದಿ, ಮೆಚ್ಚಿ, ಸೂಚಿಸಿದ ಪುಸ್ತಕಗಳಿಂದ ತಯಾರಾಗುತ್ತದೆ. ಮಕ್ಕಳು ಮತ್ತು ಹದಿಹರೆಯದವರಿಗೆ ಬೇರೆಯೇ ಪಟ್ಟಿ ಇದೆ. ಇನ್ನು ಕಪಾಟಿನ ಅಂಚಿಗೆ ಅಂಟಿಸುವ, ಕೈಬರಹದ ಪುಟ್ಟ ಚೀಟಿಗಳಿವೆ. ಗಿರಾಕಿಯ ಜೊತೆ ನಾಲ್ಕು ಮಾತಾಡಿ ಪುಸ್ತಕವನ್ನು ಅವರ ಕೈಯಲ್ಲಿಡುವುದಕ್ಕೆ ಆ ವ್ಯಾಪಾರದಲ್ಲಿ 'ಹ್ಯಾಂಡ್‌ಸೆಲಿಂಗ್' ಎನ್ನುತ್ತಾರೆ. ಮಾರಾಟದ ಅಂಕಿ ಎಷ್ಟು ಜನ ಕೊಂಡರು ಎಂಬುದನ್ನು ಹೇಳೀತು, ಎಷ್ಟು ಜನ ಓದಿ ಮುಗಿಸಿದರು ಎಂಬುದನ್ನು ಹೇಳದು. ಅಂಗಡಿಯವರಿಗೆ ಅದು ಗೊತ್ತಾಗುತ್ತದೆ, ಏಕೆಂದರೆ ಓದಿದವರು ಇನ್ನೊಂದು ಪುಸ್ತಕ ಕೇಳಿಕೊಂಡು ಮತ್ತೆ ಬರುತ್ತಾರೆ.

ಹೀಗೆ ಪುಸ್ತಕ ಮಾರುವವರ ಮಾತಿನಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಐದನ್ನು ಆರಿಸಿಕೊಂಡೆ. ಮೊದಲು ನಾನು ಓದುವುದು, ನಂತರ ಅವಳಿಗೆ ಕೊಡುವುದು, ಅವಳಾಗಿ ಮಾತೆತ್ತುವವರೆಗೆ ಏನೂ ಕೇಳದಿರುವುದು, ಇಷ್ಟೇ ನಾವು ಇಟ್ಟುಕೊಂಡ ಕ್ರಮ.

ಮೊದಲ ಆಯ್ಕೆಯಲ್ಲೇ ಎಡವಿದೆ. ಮಾರ್ಕಸ್ ಜುಸಾಕ್ ಅವರ 'ದ ಬುಕ್ ಥೀಫ್' (2005) ನನಗೆ ಪ್ರಾಣ. ಕಥೆ ಹೇಳುವುದು ಸಾವು. ನಾಜಿ ಕಾಲದ ಜರ್ಮನಿಯಲ್ಲಿ ಲೀಸೆಲ್ ಎಂಬ ಹುಡುಗಿ ತಮ್ಮನನ್ನು ಹೂಳುವ ಜಾಗದಲ್ಲಿ ಬಿದ್ದಿದ್ದ, ಗುಂಡಿ ತೋಡುವವರ ಕೈಪಿಡಿಯೊಂದನ್ನು ಎತ್ತಿಕೊಳ್ಳುತ್ತಾಳೆ; ಅವಳಿಗಿನ್ನೂ ಓದಲು ಬಾರದು. ನೆಲಮಾಳಿಗೆಯಲ್ಲಿ ಅಡಗಿರುವ ಯಹೂದಿ ಯುವಕ ಮ್ಯಾಕ್ಸ್ ಹಿಟ್ಲರನ ಪುಸ್ತಕದ ಹಾಳೆಗಳಿಗೆ ಬಿಳಿ ಬಣ್ಣ ಬಳಿದು, ಒಣಗಿಸಿ, ಅವುಗಳ ಮೇಲೆ ಅವಳಿಗಾಗಿ ಕಥೆ ಬರೆಯುತ್ತಾನೆ. ಆ ಬಿಳಿ ಬಣ್ಣದಡಿಯಿಂದ ಹಳೆಯ ಅಕ್ಷರಗಳು ಮಸುಕಾಗಿ ಇಣುಕುವ ಪುಟಗಳನ್ನು ನಾನು ಎಷ್ಟು ಸಲ ತೆರೆದು ನೋಡಿದ್ದೇನೋ ಲೆಕ್ಕವಿಲ್ಲ. ಅಕ್ಕನ ಮಗಳು 70ನೇ ಪುಟದ ಹತ್ತಿರ ನಿಲ್ಲಿಸಿದಳು. 550 ಪುಟಗಳ ದಪ್ಪ, ಮುಂದೆ ಯಾರು ಸಾಯುತ್ತಾರೆಂದು ಮೊದಲೇ ಹೇಳಿಬಿಡುವ ನಿರೂಪಕ, ಅವಸರವೇ ಇಲ್ಲದ ನಡೆ. ಈ ಕಾದಂಬರಿ ಆಸ್ಟ್ರೇಲಿಯಾದಲ್ಲಿ ದೊಡ್ಡವರ ಪುಸ್ತಕವಾಗಿ ಬಂದು, ಅಮೆರಿಕದಲ್ಲಿ ಹದಿಹರೆಯದವರ ಕಪಾಟಿಗೆ ಸೇರಿದ್ದು. ಓದಿನ ರೂಢಿ ಇರುವವರಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ರೂಢಿ ತಪ್ಪಿದವರಿಗೆ ಇದು ಮೊದಲ ಮೆಟ್ಟಿಲಲ್ಲ. ನನಗೆ ಪ್ರಿಯವಾದದ್ದನ್ನು ಕೊಟ್ಟೆನೇ ಹೊರತು ಅವಳಿಗೆ ಬೇಕಾದದ್ದನ್ನು ಕೊಡಲಿಲ್ಲ.

ಆಮೇಲೆ ಕೊಟ್ಟದ್ದು ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್' ಮತ್ತು ಆ್ಯಂಜಿ ಥಾಮಸ್ ಅವರ 'ದ ಹೇಟ್ ಯು ಗಿವ್'. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು. ಎರಡೂ 2017ರಲ್ಲಿ ಬಂದವು. ಎರಡಕ್ಕೂ 2018ರಲ್ಲಿ, ಹದಿಹರೆಯದವರ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ಪ್ರಿಂಟ್ಸ್ ಪ್ರಶಸ್ತಿಯ 'ಗೌರವ' ಮನ್ನಣೆ ಸಿಕ್ಕಿತು. ಎರಡರಲ್ಲೂ ಕಪ್ಪು ಸಮುದಾಯದ ಹುಡುಗನೊಬ್ಬ ಗುಂಡೇಟಿಗೆ ಸಾಯುತ್ತಾನೆ, ಬದುಕಿ ಉಳಿದ ಹದಿಹರೆಯದವರೊಬ್ಬರು ಮುಂದೇನು ಮಾಡಬೇಕೆಂದು ನಿರ್ಧರಿಸಬೇಕಾಗುತ್ತದೆ. ಅಲ್ಲಿಂದ ಮುಂದೆ ಎರಡರ ದಾರಿಯೇ ಬೇರೆ.

'ಲಾಂಗ್ ವೇ ಡೌನ್' ಒಂದು ನಿಮಿಷದ ಕಥೆ. 15ರ ವಿಲ್‌ನ ಅಣ್ಣ ಶಾನ್‌ನನ್ನು ಯಾರೋ ಕೊಂದಿದ್ದಾರೆ. ಅವರ ಬೀದಿಯ ಕಟ್ಟಳೆ ಮೂರು: ಅಳಬಾರದು, ಯಾರ ಹೆಸರನ್ನೂ ಪೊಲೀಸರಿಗೆ ಹೇಳಬಾರದು, ಸೇಡು ತೀರಿಸಬೇಕು. ಅಣ್ಣನ ಮೇಜಿನ ನಡುವಿನ ಡ್ರಾಯರ್ ವಾರೆಯಾಗಿ ಸಿಕ್ಕಿಕೊಂಡಿದೆ, ಸುಲಭಕ್ಕೆ ತೆರೆಯದು. ಅದನ್ನು ಎಳೆದು ತೆಗೆದು, ಒಳಗಿದ್ದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಲ್ ಲಿಫ್ಟ್ ಹತ್ತುತ್ತಾನೆ. ಕೆಳಗಿಳಿಯುವಾಗ ಒಂದೊಂದು ಮಹಡಿಯಲ್ಲೂ ಲಿಫ್ಟ್ ನಿಲ್ಲುತ್ತದೆ, ಪ್ರತಿ ಸಲವೂ ಸತ್ತವರೊಬ್ಬರು ಒಳಗೆ ಬರುತ್ತಾರೆ. ಇಡೀ ಪುಸ್ತಕ ಪದ್ಯದಲ್ಲಿದೆ. ಕೆಲವು ಪುಟಗಳಲ್ಲಿ ನಾಲ್ಕೇ ಸಾಲು, ಕೆಲವೆಡೆ ಒಂದೇ. ಸುತ್ತಲೂ ಬಿಳಿ ಜಾಗ.

ಓದು ಬಿಟ್ಟವರಿಗೆ ಈ ಬಿಳಿ ಜಾಗ ಎಷ್ಟು ದೊಡ್ಡ ಉಪಕಾರ ಎಂಬುದು ಅವಳು ಓದುವುದನ್ನು ನೋಡಿದಾಗಲೇ ನನಗೆ ಹೊಳೆದದ್ದು. ಪುಸ್ತಕ 300 ಪುಟ ದಾಟುತ್ತದೆ, ಆದರೆ ಹತ್ತು ನಿಮಿಷದಲ್ಲಿ 40 ಪುಟ ಮುಗಿದಿರುತ್ತದೆ. ತಾನು ಮುಂದೆ ಸಾಗುತ್ತಿದ್ದೇನೆ ಎಂಬುದು ಬೆರಳಿಗೇ ತಿಳಿಯುತ್ತದೆ. ಸಂಜೆ ಕುಳಿತವಳು ಊಟಕ್ಕೆ ಕರೆಯುವ ಮೊದಲೇ ಮುಗಿಸಿದ್ದಳು. ಎಂಟರ ವಯಸ್ಸಿನಲ್ಲಿ ಗುರಿ ತಪ್ಪಿದ ಗುಂಡಿಗೆ ಬಲಿಯಾದ ಗೆಳತಿ ಡ್ಯಾನಿ ಲಿಫ್ಟ್‌ನೊಳಗೆ ಬಂದು, ನಿನ್ನ ಗುರಿಯೂ ತಪ್ಪಿದರೆ ಏನು ಮಾಡುತ್ತೀಯ ಎಂಬ ಅರ್ಥದಲ್ಲಿ ವಿಲ್‌ನನ್ನು ಕೇಳುವ ಜಾಗದಲ್ಲಿ ಪುಸ್ತಕವನ್ನು ಮಡಿಲಲ್ಲಿ ಮಡಚಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ಮತ್ತೆ ತೆರೆದಳು.

ಕನ್ನಡದವಳಾಗಿ ನನ್ನನ್ನು ಕಾಡಿದ ಸಂಗತಿ ಬೇರೆಯದು. ವಿಲ್‌ಗೆ ಪದವೊಂದರ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವ ಹುಚ್ಚು. ಇಂಗ್ಲಿಷಿನಲ್ಲಿ 'ಅಲೈವ್' ಎಂಬ ಪದದ ಐದು ಅಕ್ಷರಗಳನ್ನು ಹಿಂದುಮುಂದು ಮಾಡಿದರೆ 'ಎ ವೇಲ್' ಆಗುತ್ತದೆ. ಜೀವಂತ ಎಂಬುದರೊಳಗೇ ಮುಸುಕು ಅಡಗಿರುತ್ತದೆ. ಕಾಗುಣಿತ, ಒತ್ತಕ್ಷರಗಳಿರುವ ನಮ್ಮ ಲಿಪಿಯಲ್ಲಿ ಈ ಆಟ ಹೀಗೆ ನಡೆಯದು. ಮುಂದೊಂದು ದಿನ ಇದನ್ನು ಕನ್ನಡಕ್ಕೆ ತರುವವರು ಈ ಪುಟಗಳಿಗೆ ಬಂದು ಬಹಳ ಹೊತ್ತು ನಿಲ್ಲಬೇಕಾಗುತ್ತದೆ.

'ದ ಹೇಟ್ ಯು ಗಿವ್' ಇದಕ್ಕೆ ತದ್ವಿರುದ್ಧ. 400 ಪುಟ ಮೀರಿದ ಗದ್ಯ, ತುಂಬಿದ ಮನೆ. 16ರ ಸ್ಟಾರ್ ಕಾರಿನಲ್ಲಿ ಕುಳಿತಿರುವಾಗಲೇ ಅವಳ ಬಾಲ್ಯದ ಗೆಳೆಯ ಖಲೀಲ್‌ನನ್ನು ಪೊಲೀಸ್ ಅಧಿಕಾರಿ ಗುಂಡಿಟ್ಟು ಕೊಲ್ಲುತ್ತಾನೆ. ಆಯುಧವೆಂದು ಅಧಿಕಾರಿ ಭಾವಿಸಿದ್ದು ಕಾರಿನೊಳಗಿದ್ದ ಕೂದಲಿನ ಬ್ರಶ್. ವಿಲ್‌ಗೆ ಬೀದಿ ಮೂರು ಕಟ್ಟಳೆ ಕಲಿಸಿದರೆ, ಸ್ಟಾರ್‌ಗೆ 12ರ ವಯಸ್ಸಿನಲ್ಲೇ ಅಪ್ಪ ಇನ್ನೊಂದು ಬಗೆಯ ಕಟ್ಟಳೆ ಕಲಿಸಿರುತ್ತಾನೆ: ಪೊಲೀಸರು ನಿಲ್ಲಿಸಿದರೆ ಕೈ ಕಾಣುವಂತಿರಲಿ, ದಿಢೀರನೆ ಅಲುಗಾಡಬೇಡ. ಹೆಸರು ಹೇಳಬಾರದು ಎಂಬುದು ವಿಲ್‌ನ ಲೋಕವಾದರೆ, ಕಂಡದ್ದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಬರುವುದು ಹೇಗೆ ಎಂಬುದೇ ಸ್ಟಾರ್‌ಳ ಕಥೆ. ಒಂದರಲ್ಲಿ ಮೌನ ಬಿಗಿಯುತ್ತಾ ಹೋಗುತ್ತದೆ, ಇನ್ನೊಂದರಲ್ಲಿ ಬಿಚ್ಚುತ್ತಾ ಹೋಗುತ್ತದೆ.

2009ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಆಸ್ಕರ್ ಗ್ರಾಂಟ್ ಎಂಬ ಯುವಕ ಪೊಲೀಸ್ ಗುಂಡಿಗೆ ಸತ್ತ ಘಟನೆಯಿಂದ ಕಲಕಿಹೋದ ಥಾಮಸ್, ಕಾಲೇಜಿನಲ್ಲಿದ್ದಾಗ ಬರೆದ ಸಣ್ಣಕಥೆ ಬೆಳೆದು ಈ ಕಾದಂಬರಿಯಾಯಿತು. ಇದು ಅವರ ಮೊದಲ ಪುಸ್ತಕ. ಅಮೆರಿಕದ ಗ್ರಂಥಾಲಯಗಳಿಂದ ಇದನ್ನು ತೆಗೆಸಬೇಕೆಂಬ ಒತ್ತಾಯಗಳು ಎಷ್ಟು ಬಂದವೆಂದರೆ, ಹಾಗೆ ಆಕ್ಷೇಪಕ್ಕೊಳಗಾದ ಪುಸ್ತಕಗಳ ವಾರ್ಷಿಕ ಪಟ್ಟಿಯ ಮೊದಲ ಹತ್ತರಲ್ಲಿ 2017 ಮತ್ತು 2018ರಲ್ಲಿ ಸಾಲಾಗಿ ಇದರ ಹೆಸರಿತ್ತು. ಪುಸ್ತಕದ ನಡುಭಾಗ ಉದ್ದವಾಯಿತು ಎಂದು ನನಗೆ ಮೊದಲು ಅನಿಸಿತ್ತು: ಅಣ್ಣತಂಗಿಯರ ಜಗಳ, ಅಪ್ಪನ ದಿನಸಿ ಅಂಗಡಿ, ಅಡುಗೆಮನೆಯ ಮಾತು. ಎರಡನೇ ಓದಿನಲ್ಲಿ ಅಭಿಪ್ರಾಯ ಬದಲಾಯಿತು. ಆ ಮನೆಯಲ್ಲಿ ನಾವು ಅಷ್ಟು ದಿನ ಇರದಿದ್ದರೆ, ಕಿಟಕಿಯ ಹೊರಗೆ ಗುಂಡಿನ ಸದ್ದಾದಾಗ ನಮ್ಮ ಎದೆ ನಡುಗುತ್ತಿರಲಿಲ್ಲ.

ಅಕ್ಕನ ಮಗಳಿಗೆ ಹಿಡಿಸಿದ್ದು ನಾನು ನಿರೀಕ್ಷಿಸಿದ ಭಾಗವಲ್ಲ. ಸ್ಟಾರ್ ತನ್ನ ಬಡಾವಣೆಯಲ್ಲಿ ಒಂದು ಬಗೆಯಾಗಿ, ಬಿಳಿಯರೇ ಹೆಚ್ಚಿರುವ ಖಾಸಗಿ ಶಾಲೆಯಲ್ಲಿ ಇನ್ನೊಂದು ಬಗೆಯಾಗಿ ಮಾತಾಡುತ್ತಾಳೆ; ಶಾಲೆಯೊಳಗೆ ಕಾಲಿಡುವಾಗ ನಾಲಿಗೆಯನ್ನು ತಿದ್ದಿಕೊಳ್ಳುತ್ತಾಳೆ. "ಇದನ್ನು ನಾನು ದಿನಾ ಮಾಡುತ್ತೇನೆ" ಎಂದಳು ನಮ್ಮ ಹುಡುಗಿ. ಅದರ ಬಗ್ಗೆ ನಾವು ಒಂದು ಇಡೀ ರಾತ್ರಿ ಮಾತಾಡಿದೆವು. ಓದಲು ಎಂಟು ದಿನ ಹಿಡಿಯಿತು, ನಡುವೆ ಎರಡು ದಿನ ಮುಟ್ಟಲಿಲ್ಲ. ಆದರೆ ಮಾತು ಹುಟ್ಟಿಸುವುದರಲ್ಲಿ ಈ ಐದರಲ್ಲಿ ಇದಕ್ಕೆ ಸಾಟಿಯಿಲ್ಲ. ಹಾಗಾಗಿ ಮನೆಯ ದೊಡ್ಡವರೂ ಮಕ್ಕಳೂ ಜೊತೆಗೆ ಓದುವುದಾದರೆ ಥಾಮಸ್. ಕೈಬಿಟ್ಟ ಓದನ್ನು ಮತ್ತೆ ಹತ್ತಿಸುವುದಾದರೆ, ಎರಡನೇ ಯೋಚನೆ ಬೇಡ, ರೆನಾಲ್ಡ್ಸ್.

ಪದ್ಯದ ರುಚಿ ಹತ್ತಿತೆಂದು ಎಲಿಜಬೆತ್ ಅಸೆವೆಡೊ ಅವರ 'ದ ಪೊಯೆಟ್ ಎಕ್ಸ್' (2018) ಕೊಟ್ಟೆ. ಇದೂ ಪದ್ಯ ಕಾದಂಬರಿಯೇ, ಆದರೆ ರೆನಾಲ್ಡ್ಸ್ ಅವರ ಸಾಲು ಉಸಿರು ಕಟ್ಟಿದಂತೆ ತುಂಡಾದರೆ ಅಸೆವೆಡೊ ಅವರದು ತುಂಬಿ ಹರಿಯುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ, ಡೊಮಿನಿಕನ್ ಗಣರಾಜ್ಯ ಮೂಲದ ಮನೆತನದ 15ರ ಸಿಯೊಮಾರಾ, ದೇಹ ಬೆಳೆದದ್ದಕ್ಕೇ ಬೀದಿಯ ಕಣ್ಣುಗಳನ್ನೂ ತಾಯಿಯ ಸಿಟ್ಟನ್ನೂ ಎದುರಿಸಬೇಕಾದವಳು. ಒಳಗಿನದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಶಾಲೆಯ ಪ್ರಬಂಧಕ್ಕೆ ಅವಳು ಬರೆದ ಮೊದಲ ಕರಡು ಮತ್ತು ಕೊನೆಗೆ ಶಿಕ್ಷಕಿಗೆ ಒಪ್ಪಿಸಿದ ಪ್ರತಿ ಎರಡನ್ನೂ ಪುಸ್ತಕ ತೋರಿಸುತ್ತದೆ. ಕರಡಿನಲ್ಲಿ ನಿಜ ಇರುತ್ತದೆ, ಒಪ್ಪಿಸಿದ್ದರಲ್ಲಿ ಅದನ್ನು ಒರೆಸಿ ಹಾಕಿರುತ್ತಾಳೆ. ತನ್ನ ಮನಸ್ಸನ್ನು ಯಾರಿಗೂ ಕಾಣದಂತೆ ಅಚ್ಚುಕಟ್ಟು ಮಾಡಿ ಒಪ್ಪಿಸುವ ಆ ಅಭ್ಯಾಸವನ್ನು ಇಷ್ಟು ಸರಳವಾಗಿ ಹಿಡಿದಿಟ್ಟ ಬರಹವನ್ನು ನಾನು ಬೇರೆಲ್ಲೂ ಓದಿಲ್ಲ.

ತಾಯಿ ಆ ನೋಟ್‌ಬುಕ್ಕಿಗೆ ಬೆಂಕಿ ಹಚ್ಚುವ ದೃಶ್ಯವಿದೆ. ಹಾಳೆಗಳು ಉರಿಯುತ್ತಿರುವಾಗ ಮಗಳು ತನ್ನ ಪದ್ಯಗಳನ್ನು ಬಾಯಿಪಾಠವಾಗಿ ಗಟ್ಟಿಯಾಗಿ ಹೇಳುತ್ತಾಳೆ, ತಾಯಿಯ ಬಾಯಲ್ಲಿ ದೇವರ ವಾಕ್ಯ. ಎರಡು ಧ್ವನಿಗಳು ಒಂದರ ಮೇಲೊಂದು ಬೀಳುತ್ತವೆ. ಷಟ್ಪದಿಯನ್ನು ಕಿವಿಯಲ್ಲಿ ಕೇಳಿ ಬೆಳೆದವರಿಗೆ ಈ ಪುಟಗಳನ್ನು ಮೌನವಾಗಿ ಓದಲು ಮನಸ್ಸೇ ಬಾರದು. ನಾವು ಜೋರಾಗಿ ಓದಿದೆವು, ಸರದಿಯ ಮೇಲೆ. ಕೊನೆಯಲ್ಲಿ ತಾಯಿ ಮಗಳ ನಡುವಿನ ಗಾಯ ತುಸು ಬೇಗ ಮಾಯುತ್ತದೆ ಎಂಬುದೊಂದೇ ನನ್ನ ತಕರಾರು. ರೆನಾಲ್ಡ್ಸ್ ಆಗಿದ್ದರೆ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಆದರೂ ಅಮೆರಿಕದ 2018ರ ನ್ಯಾಷನಲ್ ಬುಕ್ ಪ್ರಶಸ್ತಿ, 2019ರ ಪ್ರಿಂಟ್ಸ್ ಪ್ರಶಸ್ತಿ ಮತ್ತು ಬ್ರಿಟನ್ನಿನ ಕಾರ್ನೆಗಿ ಪದಕ ಈ ಪುಸ್ತಕಕ್ಕೆ ಬಂದದ್ದರಲ್ಲಿ ಅಚ್ಚರಿಯಿಲ್ಲ. 'ಲಾಂಗ್ ವೇ ಡೌನ್' ಅವಳನ್ನು ಓದಿಗೆ ಮರಳಿಸಿತು, ಎರಡನೇ ಸಲ ಅವಳು ಓದಿದ್ದು ಮಾತ್ರ ಇದನ್ನು.

ಕೇಳುವ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಎರಡೂ ಪದ್ಯ ಕಾದಂಬರಿಗಳನ್ನು ಬರೆದವರೇ ಓದಿದ್ದಾರೆ. ರೆನಾಲ್ಡ್ಸ್ ಅವರದು ಎರಡು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಕಿವಿಯಲ್ಲಿ ಕೇಳಿದರೆ ಆ ಬಿಳಿ ಜಾಗವೇ ಕೈತಪ್ಪುತ್ತದೆ; ಅದನ್ನು ಕಣ್ಣಿನಿಂದಲೇ ಓದಬೇಕು. ಅಸೆವೆಡೊ ಸ್ವತಃ ವೇದಿಕೆಯಲ್ಲಿ ಪದ್ಯ ಹೇಳಿ ಪಳಗಿದವರು, ಅವರ ಧ್ವನಿಯಲ್ಲಿ ಪುಸ್ತಕದ ತೂಕ ಇಮ್ಮಡಿಯಾಗುತ್ತದೆ. ಇಲ್ಲಿ ಆಯ್ಕೆ ಸ್ಪಷ್ಟ.

ಉಳಿದದ್ದು ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' (2011). ಈ ಕಥೆಯ ಎಳೆ ಶಿವಾನ್ ಡೌಡ್ ಎಂಬ ಲೇಖಕಿಯದು. ಬರೆಯುವ ಮೊದಲೇ 2007ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು, ನೆಸ್ ಅದನ್ನು ಕೈಗೆತ್ತಿಕೊಂಡು ಬರೆದರು. ತಾಯಿ ಕಾಯಿಲೆಯಿಂದ ಕ್ಷೀಣಿಸುತ್ತಿರುವ 13ರ ಕಾನರ್‌ನ ಕಿಟಕಿಗೆ ಮಧ್ಯರಾತ್ರಿ ದಾಟಿ ಏಳು ನಿಮಿಷಕ್ಕೆ 'ಯೂ' ಎಂಬ ಜಾತಿಯ ನಿತ್ಯಹಸಿರು ಮರವೊಂದು ನಡೆದು ಬರುತ್ತದೆ. ಮೂರು ಕಥೆ ತಾನು ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು ಎನ್ನುತ್ತದೆ. ಸುಮಾರು 200 ಪುಟ, ಜಿಮ್ ಕೇ ಅವರ ಕಪ್ಪು ಮಸಿಯ ಚಿತ್ರಗಳು. ಸಾವಿನ ಬಗ್ಗೆ 'ದ ಬುಕ್ ಥೀಫ್' 550 ಪುಟಗಳಲ್ಲಿ ಹೇಳುವುದಕ್ಕಿಂತ ಹತ್ತಿರದ ಮಾತನ್ನು ಇದು ಹೇಳುತ್ತದೆ.

ಓದಿದ ಮೇಲೆ ಇದನ್ನು ಅವಳಿಗೆ ಕೊಡಲಿಲ್ಲ. ಹಿಂದಿನ ವರ್ಷ ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಇನ್ನೂ ತಪಾಸಣೆಗೆ ಹೋಗಿ ಬರುತ್ತಿದ್ದಳು. ಪುಸ್ತಕವನ್ನು ಕಪಾಟಿನ ಮೇಲಿನ ಸಾಲಿನಲ್ಲಿ, ಬೇರೆ ಪುಸ್ತಕಗಳ ಹಿಂದೆ ಇಟ್ಟಿದ್ದೆ. ಅವಳೇ ಹುಡುಕಿ ತೆಗೆದು ಓದಿದ್ದಾಳೆ. ಯಾವಾಗ ಎಂದು ನನಗೆ ತಿಳಿಯಲಿಲ್ಲ. ಒಂದು ಮಧ್ಯಾಹ್ನ ತಂದು ನನ್ನ ಕೈಯಲ್ಲಿಟ್ಟು, ಒಳಗಿನ ಕೋಣೆಯತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: "ಇದನ್ನು ಅಮ್ಮ ಓದಬೇಕು, ಚಿಕ್ಕಮ್ಮ. ಆದರೆ ಈಗಲ್ಲ. ಮುಂದಿನ ತಪಾಸಣೆ ಮುಗಿಯಲಿ, ನಾನೇ ಕೊಡುತ್ತೇನೆ."