ಸಾಕ್ಷಿ ಸೈನ್ ಹಾಕೋ ಮುಂಚೆ ಪತ್ರ ಓದಿ. ನಾನು ಓದಲಿಲ್ಲ

ಬರೆಯೋಕೆ ನಾಚಿಕೆ ಆಗುತ್ತಿದೆ. ನಮ್ಮ ಅಜ್ಜಿಯ ಮನೆ ಅಜ್ಜಿಯ ಕೈತಪ್ಪಿತು. ಆ ಪತ್ರಕ್ಕೆ ಸಾಕ್ಷಿ ಹಾಕಿದವನು ನಾನೇ.

ಅಜ್ಜಿಗೆ 82, ಕಿವಿ ಮಂದ. ತಾತ ಕಟ್ಟಿಸಿದ ಮನೆ ಅವರ ಹೆಸರಲ್ಲಿತ್ತು, ಮುಂದುಗಡೆ ಎರಡು ಮಳಿಗೆ. ಚಿಕ್ಕಪ್ಪ ಫೋನ್ ಮಾಡಿ "ಅಮ್ಮ ವಿಲ್ ಮಾಡಿಸ್ತಾರಂತೆ, ಬಂದು ಒಂದು ಸೈನ್ ಹಾಕಿ ಹೋಗು" ಅಂದರು. (ಇನ್ನೂ ಬಹುವಚನದಲ್ಲೇ ಬರೆಯುತ್ತಿದ್ದೀನಿ ನೋಡಿ, ಅಭ್ಯಾಸ.) ಸ್ವಂತ ಚಿಕ್ಕಪ್ಪ. ಅನುಮಾನ ಯಾಕೆ ಬರಬೇಕು ಹೇಳಿ?

ಸಬ್‌ರಿಜಿಸ್ಟ್ರಾರ್ ಆಫೀಸಿನ ಗದ್ದಲ ನಿಮಗೆ ಗೊತ್ತೇ ಇದೆ. ಪತ್ರ ಬರೆಯುವವನು ಬೆರಳಿಟ್ಟ ಕಡೆಯೆಲ್ಲ ಸೈನ್ ಹಾಕಿದೆ. ಅಜ್ಜಿಯ ಹೆಬ್ಬೆರಳಿನ ಗೆರೆ ಸವೆದುಹೋಗಿ ಮೆಷಿನ್ ತಗೊಳ್ಳಲೇ ಇಲ್ಲ. ಸೆರಗಲ್ಲಿ ಒರೆಸಿ ಮೂರು ಸಲ ಒತ್ತಿಸಿದ್ದೂ ನಾನೇ. "ಒಪ್ಪಿ ಕೊಡ್ತಾ ಇದ್ದೀರಾ ಅಮ್ಮಾ?" ಅಂತ ಅಧಿಕಾರಿ ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು. ಚಿಕ್ಕಪ್ಪ ಕಿವಿ ಹತ್ತಿರ ಬಗ್ಗಿ "ಹೂಂ ಅನ್ನಮ್ಮ" ಅಂದರು. ಅಜ್ಜಿ ಹೂಂ ಅಂದರು. "ಕೊಡ್ತಾ ಇದ್ದೀರಾ" ಅಂದಾಗಲೂ ನನಗೆ ಹೊಳೆಯಲಿಲ್ಲ! ವಿಲ್‌ಗೆ ಹಾಗೆ ಕೇಳ್ತಾರಾ? ಒಂದು ಪುಟ, ಒಂದೇ ಪುಟ ಓದಿದ್ದರೆ ಸಾಕಿತ್ತು.

ಎರಡು ತಿಂಗಳಾದ ಮೇಲೆ ಮಳಿಗೆಯ ಟೈಲರ್ ಬಾಡಿಗೆ ಕೊಡಲು ಬರಲಿಲ್ಲ. ಕೇಳಿದರೆ "ಓನರ್ ಬದಲಾಗಿದ್ದಾರಲ್ಲ ಸಾರ್, ನಿಮಗೆ ಗೊತ್ತಿಲ್ವಾ?" ಅಂದ. ಆನ್‌ಲೈನಲ್ಲಿ ಇಸಿ (ಆಸ್ತಿ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿದೆ. ದಾನಪತ್ರ ಅಂತಿತ್ತು. ಮನೆಯವರಿಗೆ ಮಾಡೋ ದಾನಪತ್ರಕ್ಕೆ ಸ್ಟಾಂಪ್ ಡ್ಯೂಟಿ ಕೆಲವೇ ಸಾವಿರ, ಅದಕ್ಕೇ ಇದನ್ನೇ ಹಿಡಿದಿದ್ದಾರೆ. ವಿಲ್ ಆಗಿದ್ದರೆ ಅಜ್ಜಿ ನಾಳೆನೇ ಬದಲಾಯಿಸಬಹುದಿತ್ತು. ದಾನಪತ್ರ ಹಾಗಲ್ಲ.

ಫೋನ್ ಮಾಡಿದೆ. ಮೊದಲು "ಎರಡೂ ಒಂದೇ ಕಣೋ". ಆಮೇಲೆ "ನಾನೇನು ಅಮ್ಮನ್ನ ಬೀದಿಗೆ ಹಾಕಿದ್ನಾ?" ಕೊನೆಗೆ ವಾಟ್ಸಾಪಲ್ಲಿ ಒಂದೇ ಸಾಲು: "ಸಾಕ್ಷಿ ನೀನೇ ತಾನೆ, ಕೋರ್ಟಲ್ಲೂ ಅದನ್ನೇ ಹೇಳು." ಅದನ್ನು ಎಷ್ಟು ಸಲ ಓದಿದೆನೋ. ಉತ್ತರ ಮಾತ್ರ ಬರೆಯೋಕಾಗಲಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಇಂಥ ಪತ್ರ ರದ್ದು ಮಾಡಿಸಬಹುದು. ಆದರೆ ಕೊಟ್ಟವರನ್ನು ನೋಡಿಕೊಳ್ಳಬೇಕು ಅನ್ನೋ ಷರತ್ತು ಇರಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರ ರದ್ದು ಮಾಡಿತು. ಅಲ್ಲಿ ಮಗ ನೋಡಿಕೊಳ್ತೀನಿ ಅಂತ ವಚನಪತ್ರ ಬರೆದುಕೊಟ್ಟಿದ್ದ. ನಮ್ಮ ಪತ್ರದಲ್ಲಿರೋದು "ಪ್ರೀತಿ ವಿಶ್ವಾಸದಿಂದ" ಅಷ್ಟೇ. ಮೋಸ ಅಂತ ತೋರಿಸಬೇಕು. ತೋರಿಸೋನು ಯಾರು? ಸಾಕ್ಷಿ ಹಾಕಿದ ನಾನು!

ನಿಮ್ಮ ಮನೆಯಲ್ಲಿ ಯಾರಾದರೂ ದಾನಪತ್ರ ಬರೆಯಲೇಬೇಕಾದರೆ ಊಟ, ಔಷಧಿ, ಬಾಡಿಗೆ ಯಾರದ್ದು ಅಂತ ಅದರಲ್ಲೇ ಬರೆಸಿ. ಆಗಾಗ ಇಸಿ ತೆಗೆಸಿ ನೋಡಿ. ಹಿರಿಯರ ಸಹಾಯವಾಣಿ 14567. "ಸುಮ್ನೆ ಒಂದು ಸೈನ್" ಅಂದವರ ಜೊತೆ ಕಾಫಿಗೂ ಹೋಗಬೇಡಿ.

ಸೋಮವಾರ ಅಜ್ಜಿ ಪತ್ರ ರದ್ದು ಮಾಡಿಸೋಕೆ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗೆ ಅರ್ಜಿ ಕೊಡುತ್ತಿದ್ದಾರೆ. ನಿನ್ನೆ ರಾತ್ರಿ ಅವರ ಕಿವಿ ಹತ್ತಿರ ಕೂತು ಪ್ರತಿ ಸಾಲೂ ಓದಿದೆ. ತಾತನ ಇನಿಶಿಯಲ್ ತಪ್ಪಾಗಿದೆ ಅಂತ ಎರಡನೇ ಸಾಲಲ್ಲೇ ಹಿಡಿದರು.