ಫಲಕದ ಮೇಲೆ ‘ಎನ್‌ಆರ್‌ಐ ಕಾರ್ಡ್’, ಒಳಗೆ ಒಳ್ಳೆಯ ಕೆಲಸ: ಮಾಟುಂಗಾದ ಒಂದು ದಾಖಲೆ ಮಳಿಗೆ

ಮುಂಬೈಯ ಮಾಟುಂಗಾ ಪೂರ್ವದ ಈ ಪುಟ್ಟ ಮಳಿಗೆಯಲ್ಲಿ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಸಿಗುವ ಕಾರ್ಡ್) ಅರ್ಜಿ ತುಂಬಿಕೊಡುತ್ತಾರೆ. ಕನ್ನಡ, ತುಳು ಎರಡೂ ನಡೆಯುತ್ತದೆ. ವಿದೇಶದಲ್ಲಿರುವ ಮಕ್ಕಳ ಕಾಗದಪತ್ರ ಹಿಡಿದು ಬರುವ ಹಿರಿಯರಿಗೆ ಅದೇ ದೊಡ್ಡ ಆಸರೆ. ಕೌಂಟರಿನಲ್ಲಿ ‘ಮಗ ಎಲ್ಲಿದ್ದಾನೆ’ ಎಂದು ಕೇಳುವುದಿಲ್ಲ, ‘ಪಾಸ್‌ಪೋರ್ಟ್ ಯಾವ ದೇಶದ್ದು’ ಎಂದು ಕೇಳುತ್ತಾರೆ. ಕೇಳಬೇಕಾದದ್ದೂ ಅದನ್ನೇ.

ನಮ್ಮವರ ಬಾಯಲ್ಲಿ ಫಾರಿನ್‌ನಲ್ಲಿರುವವರೆಲ್ಲ ಎನ್‌ಆರ್‌ಐ. ನಿಜಕ್ಕೆ ಭಾರತದ ಪೌರತ್ವ ಉಳಿಸಿಕೊಂಡೇ ಹೊರದೇಶದಲ್ಲಿ ನೆಲೆಸಿದವರಷ್ಟೇ ಆ ಹೆಸರಿನವರು. ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಗೆ ಇಲ್ಲಿಯ ಪೌರತ್ವ ಉಳಿಯುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದ ಮೇಲೆಯೇ ಒಸಿಐ ಮಾತು. ಆ ಕಾರ್ಡಿನ ಹೆಸರಿನಲ್ಲಿ ‘ಸಿಟಿಜನ್’ ಇದೆ, ಆದರೆ ಅದು ಪೌರತ್ವವಲ್ಲ. ನಮೂನೆ 6ಎ ಕೊಟ್ಟು ಮತದಾರರ ಪಟ್ಟಿಗೆ ಸೇರುವ ಅವಕಾಶ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗಿದೆ, ಒಸಿಐಯವರಿಗಿಲ್ಲ. ಕೃಷಿ ಜಮೀನನ್ನಂತೂ ಇಬ್ಬರೂ ಕೊಳ್ಳುವಂತಿಲ್ಲ. ಇಷ್ಟನ್ನೂ ಬೇಸರವಿಲ್ಲದೆ ಬಿಡಿಸಿ ಹೇಳುವ ಜಾಗದ ಫಲಕದಲ್ಲಿ ಮಾತ್ರ ‘ಎನ್‌ಆರ್‌ಐ, ಪಿಐಒ ಕಾರ್ಡ್ ಮಾಡಿಕೊಡಲಾಗುವುದು’ ಎಂದಿದೆ. ಎನ್‌ಆರ್‌ಐ ಕಾರ್ಡ್ ಎಂಬುದೇ ಇಲ್ಲ. ಪಿಐಒ, ಅಂದರೆ ಭಾರತೀಯ ಮೂಲದವರಿಗೆ ಹಿಂದೆ ಕೊಡುತ್ತಿದ್ದ ಇನ್ನೊಂದು ಕಾರ್ಡ್, 2015ರ ಜನವರಿ 9ರಂದೇ ಒಸಿಐಯಲ್ಲಿ ಸೇರಿಹೋಯಿತು. ದಯವಿಟ್ಟು ಆ ಫಲಕ ಬದಲಿಸಬೇಕು.

ಇವರ ನಿಜವಾದ ಕೈಚಳಕ ಹೆಸರು ತಾಳೆ ನೋಡುವುದರಲ್ಲಿದೆ. ತಂದೆಯ ಹೆಸರು ಒಂದು ಕಾಗದದಲ್ಲಿ ‘ಎಸ್. ಶೆಟ್ಟಿ’, ಇನ್ನೊಂದರಲ್ಲಿ ‘ಸದಾಶಿವ ಶೆಟ್ಟಿ’, ಮುಂಬೈ ಶಾಲೆಯ ಸರ್ಟಿಫಿಕೇಟಿನಲ್ಲಿ ಮರಾಠಿ ಪದ್ಧತಿಯಂತೆ ನಡುವೆ ಅಜ್ಜನ ಹೆಸರು! ನಮ್ಮವರ ಅರ್ಜಿ ಸಿಕ್ಕಿಬೀಳುವುದೇ ಇಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿ, ಯಾವುದಕ್ಕೆ ಅಫಿಡವಿಟ್ ಬೇಕೆಂದು ಮೊದಲೇ ಹೇಳುತ್ತಾರೆ. ಊರಿನ ಜನನ ಪತ್ರ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿಕೊಡುತ್ತಾರೆ.

ಫೋಟೊ ಚೌಕವಾಗಿರಬೇಕು, ಹಿನ್ನೆಲೆ ತಿಳಿಬಣ್ಣದ್ದಾಗಿರಬೇಕು, ಆದರೆ ಬಿಳಿ ಆಗದು. ಸ್ಟುಡಿಯೋದವರು ಅಭ್ಯಾಸಬಲದಿಂದ ಬಿಳಿ ಪರದೆ ಹಾಕಿಬಿಡುತ್ತಾರೆ, ಮೊದಲೇ ಹೇಳಿಡಿ. ಸಹಿಯ ಸ್ಕ್ಯಾನ್ ಎತ್ತರದ ಮೂರರಷ್ಟು ಅಗಲವಿರಬೇಕು.

ಭಾರತದಲ್ಲೇ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 15,000 ರೂಪಾಯಿ. ಮಳಿಗೆಯವರು ತಮ್ಮ ದುಡ್ಡಿಗೆ ಬೇರೆ ರಸೀದಿ ಕೊಡುತ್ತಾರೆ, ಅದು ಮೆಚ್ಚುವಂಥದ್ದು. ಒಪ್ಪಲಾಗದ್ದು ಒಂದಿದೆ: ಪಾಸ್‌ಪೋರ್ಟ್ ನವೀಕರಿಸಿದವರಿಂದಲೂ ಪೂರ್ತಿ ಅರ್ಜಿಯಷ್ಟೇ ವಸೂಲಿ. 2021ರಲ್ಲಿ ಸಡಿಲವಾದ ನಿಯಮದಂತೆ, 20ರ ಮೊದಲೇ ಒಸಿಐ ಪಡೆದವರು 20 ವರ್ಷ ತುಂಬಿದ ಮೇಲೆ ಸಿಗುವ ಮೊದಲ ಹೊಸ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡ್ ಬದಲಿಸಿದರೆ ಸಾಕು. 20ಕ್ಕಿಂತ ಚಿಕ್ಕವರು ಪ್ರತಿ ಹೊಸ ಪಾಸ್‌ಪೋರ್ಟಿಗೂ, 50 ದಾಟಿದವರು ಒಮ್ಮೆ, ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೊ ಅಪ್‌ಲೋಡ್ ಮಾಡಬೇಕು. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಮನೆಯಲ್ಲೇ ಕೂತು ಮಾಡಬಹುದು.